ಇಂಗ್ಲಿಷಿನ ಪೂರ್ವಪ್ರತ್ಯಯಗಳೂ ಅರ್ಥಪರಿಣಾಮವೂ

ಹೃ ಎಂಬ ಒಂದೇ ಧಾತುವು ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ರೂಪಗಳಲ್ಲಿ ಐದು ಬೇರೆ ಅರ್ಥಗಳನ್ನು ತಾಳುವುದು ಸಂಸ್ಕೃತಾಭ್ಯಾಸಿಗಳೆಲ್ಲರಿಗೂ ಪರಿಚಿತವಾದ ವಿಷಯ. ಈ ಭೇದಕ್ಕೆ ಕಾರಣವಾದ ಉಪಸರ್ಗಕ್ಕೆ ಸ್ವಂತ ಅರ್ಥವುಂಟೋ ಇಲ್ಲವೋ ಎಂಬ ವಿಚಾರದಲ್ಲಿ ಪ್ರಾಚೀನರಲ್ಲಿಯೇ ಭಿನ್ನಾಭಿಪ್ರಾಯವಿದ್ದಿತು. ಯಾಸ್ಕನು ನಿರುಕ್ತದಲ್ಲಿ ಇಬ್ಬರ ಮತಗಳನ್ನು ಕೊಟ್ಟಿದ್ದಾನೆ. ಬಿಡಿಯಾಗಿ ನಿಂತ ಉಪಸರ್ಗವು ಅರ್ಥವನ್ನು ಹೇಳಲಾರದು, ನಾಮಾಖ್ಯಾತಗಳೊಡನೆ ಕೂಡಿದಾಗ ಅರ್ಥವಿಶೇಷವನ್ನು ದ್ಯೋತಿಸುವುದು ಮಾತ್ರ ಅದರ ಕೆಲಸ ಎಂಬುದು ಶಾಕಟಾಯನನ ಮತ. ಉಪಸರ್ಗಗಳಿಗೆ ನಾನಾ ವಿಧವಾದ ಸ್ವಂತ ಅರ್ಥಗಳುಂಟೆಂಬುದು ಗಾರ್ಗ್ಯನ ಮತ. ಇಂಗ್ಲಿಷ್ ಭಾಷೆಯ ಪೂರ್ವಪ್ರತ್ಯಯಗಳ ಇತಿಹಾಸವನ್ನು ಪರಿಶೀಲಿಸುವವರಿಗೆ ಈ ವಾದವು ಮತ್ತೆ ನೆನಪಿಗೆ ಬಾರದಿರದು. ಅಲ್ಲಿ ಒಂದೇ ಪ್ರತ್ಯಯವು ತನ್ನ ಆಯುಸ್ಸಿನ ಒಂದು ಕಾಲದಲ್ಲಿ ಗಾರ್ಗ್ಯನ ಪಕ್ಷಕ್ಕೂ ಮತ್ತೊಂದು ಕಾಲದಲ್ಲಿ ಶಾಕಟಾಯನನ ಪಕ್ಷಕ್ಕೂ ಸಾಕ್ಷಿಯಾಗುವುದು.

ಉಪಸರ್ಗವೆಂಬ ಸಂಜ್ಞೆಯು ಕ್ರಿಯಾಯೋಗದಲ್ಲಿ ಮಾತ್ರ ಸಲ್ಲತಕ್ಕದ್ದು. ಇಂಗ್ಲಿಷಿನವು ನಾಮ, ವಿಶೇಷಣ, ಕ್ರಿಯೆ ಮೂರಕ್ಕೂ ಹತ್ತುವುದರಿಂದ ಅವುಗಳನ್ನು ಪೂರ್ವಪ್ರತ್ಯಯಗಳೆಂದು ಕರೆಯುವುದೇ ಯುಕ್ತ. ಕನ್ನಡವು ಇತರ ದ್ರಾವಿಡ ಭಾಷೆಗಳಂತೆ ಪ್ರತ್ಯಯಗಳನ್ನು ಪದದ ಕೊನೆಯಲ್ಲಿ ಇಡುವ ಭಾಷೆ. 'ಮಾಡಿದ' ಎಂಬುದು ನಿಷೇಧದಲ್ಲಿ 'ಮಾಡದ' ಎಂದಾಗುವಾಗ ಬದಲಾವಣೆಯು ಪ್ರಕೃತಿಯ ಹಿಂದೆ ಆಗುವುದೇ ಹೊರತು ಮುಂದೆ ಅಲ್ಲ. ಆದುದರಿಂದ ಕನ್ನಡ ವಿದ್ಯಾರ್ಥಿಯು ಇಂಗ್ಲಿಷಿನ ಪೂರ್ವಪ್ರತ್ಯಯಗಳನ್ನು ಸಂಸ್ಕೃತದ ಅಳತೆಗೋಲಿನಿಂದಲೇ ಅಳೆಯುವನು. ಈ ಅಳತೆಯು ಬಹುಮಟ್ಟಿಗೆ ಸರಿ, ಕೆಲವೆಡೆ ಅಪಾಯಕರ.

ಹತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ದೇಶ್ಯ ಪೂರ್ವಪ್ರತ್ಯಯಗಳು ಹೇರಳವಾಗಿದ್ದುವು. 'ಗೆ' ಎಂದು ಬರೆದು 'ಯೆ' ಎಂದು ಉಚ್ಚರಿಸುತ್ತಿದ್ದ ಒಂದು ಪ್ರತ್ಯಯವು ಭೂತಕೃದಂತಗಳ ಮುಂದೆಯೂ ಅನೇಕ ನಾಮಗಳ ಮುಂದೆಯೂ ಬರುತ್ತಿದ್ದಿತು. ಕಾಲಕ್ರಮದಲ್ಲಿ ಅದು ಸವೆದುಹೋಗಿ, ಇಂದು 'ಇನಫ್' ಎಂಬ ಪದದ ಮೊದಲಿನ ಇಕಾರದಲ್ಲಿಯೂ 'ಹ್ಯಾಂಡಿವರ್ಕ್' ಎಂಬುದರ ನಡುವಿನ ಇಕಾರದಲ್ಲಿಯೂ ಗುರುತಿಗೆ ಉಳಿದಿದೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರಿಗೂ ಅಲ್ಲೊಂದು ಪ್ರತ್ಯಯವಿದ್ದುದು ತೋರದು. 'ವಿತ್' ಎಂಬುದರ ಚರಿತ್ರೆ ಇನ್ನೂ ವಿಚಿತ್ರವಾದುದು. ಇಂದು 'ಜೊತೆಯಲ್ಲಿ' ಎಂಬ ಅರ್ಥವುಳ್ಳ ಈ ಪದಕ್ಕೆ ಪೂರ್ವದಲ್ಲಿ 'ಎದುರಾಗಿ' ಎಂಬ ಅರ್ಥವಿದ್ದಿತು. ಸಾಹಚರ್ಯವನ್ನು ಹೇಳಲು 'ಮಿಡ್' ಎಂಬ ಬೇರೆ ಪದವಿದ್ದಿತು. ಮುಂದೆ 'ವಿತ್' ಪದವು 'ಮಿಡ್' ಪದದ ಸ್ಥಾನವನ್ನು ಆಕ್ರಮಿಸಿತು. ಆದರೂ ಎದುರಿಸಿ ನಿಲ್ಲು ಎಂಬ ಅರ್ಥದ 'ವಿತ್‌ಸ್ಟ್ಯಾಂಡ್', ಹಿಂದೆಗೆ ಎಂಬ ಅರ್ಥದ 'ವಿತ್‌ಡ್ರಾ' ಮುಂತಾದ ಸಮಸ್ತಪದಗಳಲ್ಲಿ ಹಳೆಯ ವಿರೋಧಾರ್ಥವು ಹಾಗೆಯೇ ನಿಂತಿತು. 'ಮಿಡ್' ಪದವಾದರೋ ಸೂಲಗಿತ್ತಿಯ ಹೆಸರಾದ 'ಮಿಡ್‌ವೈಫ್' ಎಂಬುದರಲ್ಲಿ ಅಡಗಿ ಉಳಿಯಿತು. ಹೆರುವ ಹೆಂಗಸಿನ ಜೊತೆಯಲ್ಲಿ ಇರುವವಳು ಎಂದು ಅದರ ಮೂಲಾರ್ಥ.

ನಿಷೇಧವಾಚಕಗಳ ವಂಶಾವಳಿಯು ಸಂಸ್ಕೃತಜ್ಞರಿಗೆ ವಿಶೇಷವಾಗಿ ಪ್ರಿಯವಾದುದು. ಇಂಗ್ಲಿಷಿನ 'ಅನ್', ಲ್ಯಾಟಿನ್ನಿನ 'ಇನ್', ಗ್ರೀಕಿನ 'ಅ, ಅನ್', ಸಂಸ್ಕೃತದ ನಞ್ ಈ ನಾಲ್ಕೂ ಒಂದೇ ಮೂಲದಿಂದ ಬಂದುವು. ಆದರೆ ಇಂಗ್ಲಿಷಿನಲ್ಲಿ 'ಅನ್' ಎಂಬ ರೂಪದ ಎರಡು ಪ್ರತ್ಯಯಗಳು ಕೂಡಿಹೋಗಿವೆ. ಅವಿವೇಕಿ ಎಂಬ ಅರ್ಥದ 'ಅನ್‌ವೈಸ್' ಪದದಲ್ಲಿರುವುದು ನಞ್. ಕಟ್ಟು ಬಿಚ್ಚು ಎಂಬ ಅರ್ಥದ 'ಅನ್‌ಟೈ' ಪದದಲ್ಲಿರುವುದು, ಮಾಡಿದ ಕೆಲಸವನ್ನು ತಿರುಗಿಸುವ ಬೇರೊಂದು ಪ್ರತ್ಯಯ, ಜರ್ಮನ್ ಭಾಷೆಯ 'ಎಂಟ್' ಎಂಬುದರ ಜ್ಞಾತಿ. ಶೇಕ್ಸ್‌ಪಿಯರನು ದೊರೆಯ ದೊರೆತನವನ್ನೇ ಕಳಚುವ ಕ್ರಿಯೆಗೆ 'ಅನ್‌ಕಿಂಗ್' ಎಂಬ ರೂಪವನ್ನು ಎರಡನೆಯ ರಿಚರ್ಡನ ನಾಟಕದಲ್ಲಿ ಪ್ರಯೋಗಿಸಿದುದು ಈ ಎರಡನೆಯದರ ಬಲದಿಂದ. 'ಲೂಸ್' ಎಂದರೂ ಸಡಿಲಿಸು, 'ಅನ್‌ಲೂಸ್' ಎಂದರೂ ಸಡಿಲಿಸು. ಇಲ್ಲಿ ಪ್ರತ್ಯಯವು ಅರ್ಥವನ್ನು ತಿರುಗಿಸದೆ ಒತ್ತನ್ನು ಮಾತ್ರ ಕೊಡುವುದು.

1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಬಳಿಕ ರಾಜಸಭೆ, ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ನೆಲೆಸಿತು. ನ್ಯಾಯಸ್ಥಾನದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನವು 1362ರಲ್ಲಿ ಹುಟ್ಟುವ ವೇಳೆಗೆ 'ರಿ', 'ಡಿಸ್', 'ಇನ್', 'ಪ್ರಿ' ಮೊದಲಾದ ಪರಕೀಯ ಪ್ರತ್ಯಯಗಳು ಪದಗಳೊಡನೆ ಒಳಹೊಕ್ಕಿದ್ದುವು. ಇವುಗಳ ಸಂಧಿಕ್ರಮವೂ ನಮ್ಮ ವೈಯಾಕರಣರಿಗೆ ಹೊಸದಲ್ಲ. ಸಂ ಎಂಬುದರ ಅನುಸ್ವಾರವು ಪರಸವರ್ಣವನ್ನು ಹೊಂದುವಂತೆ, 'ಇನ್' ಎಂಬುದು ಪಕಾರದ ಮುಂದೆ 'ಇಮ್', ಲಕಾರದ ಮುಂದೆ 'ಇಲ್', ರೇಫದ ಮುಂದೆ 'ಇರ್' ಆಗುವುದು. ಹದಿನಾರನೆಯ ಶತಮಾನದಲ್ಲಿ ಈ ಪ್ರವಾಹವನ್ನು ತಡೆಯಲು ಕೆಲವು ಪಂಡಿತರು ಯತ್ನಿಸಿದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಸರ್ ಜಾನ್ ಚೀಕನು ಮತ್ತಾಯನ ಸುವಾರ್ತೆಯನ್ನು ಭಾಷಾಂತರಿಸುವಾಗ ಪುನರುತ್ಥಾನಕ್ಕೆ ಲ್ಯಾಟಿನ್ ಮೂಲದ 'ರಿಸರೆಕ್ಷನ್' ಪದವನ್ನು ಬಿಟ್ಟು 'ಗೇನ್‌ರೈಸಿಂಗ್' ಎಂಬ ದೇಶ್ಯಪದವನ್ನು ಕಟ್ಟಿದನು. ರಾಲ್ಫ್ ಲೀವರನು 1573ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ತರ್ಕಶಾಸ್ತ್ರವನ್ನು 'ವಿಟ್‌ಕ್ರಾಫ್ಟ್' ಎಂದೂ ಅನುಮಾನದ ಪೂರ್ವವಾಕ್ಯಗಳನ್ನು 'ಫೋರ್‌ಸೇ' ಎಂದೂ ಕರೆದನು. ಈ ಪದಗಳು ಬಾಳಲಿಲ್ಲ. 'ಗೇನ್' ಎಂಬುದು ಇಂದು ಅಲ್ಲಗಳೆ ಎಂಬ ಅರ್ಥದ 'ಗೇನ್‌ಸೇ' ಎಂಬ ಒಂದೇ ಪದದಲ್ಲಿ ವಿರೋಧಾರ್ಥದಿಂದ ಜೀವಿಸುತ್ತಿದೆ. ಪಂಡಿತನು ಪ್ರತ್ಯಯವನ್ನು ಆರಿಸಬಲ್ಲನು. ಅದಕ್ಕೆ ಪ್ರಾಣವನ್ನು ಕೊಡುವುದು ಜನರ ನಾಲಗೆ.

ಪ್ರತ್ಯಯವು ಉಳಿದರೂ ಪದದ ಅರ್ಥವು ಅದರಿಂದ ದೂರ ಸರಿಯುವುದುಂಟು. 'ಪ್ರಿವೆಂಟ್' ಎಂಬುದು ಮುಂದೆ ಬರುವುದು ಎಂಬ ಲ್ಯಾಟಿನ್ ಅರ್ಥದಿಂದ ಹೊರಟಿತು. 1611ರ ಬೈಬಲ್ ಭಾಷಾಂತರದಲ್ಲಿ ಅದಕ್ಕೆ ಮುಂಚಿತವಾಗಿ ಬರು, ಮುಂದಾಗಿ ನಡೆ ಎಂದೇ ಅರ್ಥ. ಮುಂದೆ ಹೋದವನು ಹಿಂದಿನವನ ದಾರಿಗೆ ಅಡ್ಡವಾಗಬಲ್ಲನಾದ್ದರಿಂದ 'ತಡೆ' ಎಂಬ ಇಂದಿನ ಅರ್ಥವು ರೂಢವಾಯಿತು. ಇಂದಿನ ಅರ್ಥದಿಂದ ಆ ಹಳೆಯ ಗ್ರಂಥವನ್ನು ಓದುವವನಿಗೆ ದೇವರ ಅನುಗ್ರಹವೇ ಭಕ್ತನನ್ನು ತಡೆಯುವಂತೆ ತೋರುವುದು. 'ಡಿಸೀಸ್' ಎಂಬುದು ಸೌಖ್ಯವಿಲ್ಲದಿರುವಿಕೆ ಎಂಬಷ್ಟೇ ಅರ್ಥದಿಂದ ತೊಡಗಿ ರೋಗವಾಚಕವಾಗಿ ಸಂಕುಚಿತವಾಯಿತು. 'ಇನ್‌ವ್ಯಾಲ್ಯುಅಬಲ್' ಎಂಬುದರಲ್ಲಿ ನಿಷೇಧವಿದ್ದರೂ ಅದಕ್ಕೆ ಬೆಲೆಯಿಲ್ಲದ್ದೆಂದು ಅರ್ಥವಲ್ಲ, ಬೆಲೆ ಕಟ್ಟಲಾಗದ್ದೆಂದು ಅರ್ಥ. ನಮ್ಮ 'ಅಮೂಲ್ಯ' ಪದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇತಿಹಾಸವನ್ನು ಮರೆತು ಪ್ರತ್ಯಯವನ್ನೇ ನಂಬಿದರೆ ಆಗುವ ಹಾನಿಗೆ 'ಇನ್‌ಫ್ಲೇಮಬಲ್' ಪದವು ಪ್ರಬಲವಾದ ನಿದರ್ಶನ. ಲ್ಯಾಟಿನ್ನಿನಲ್ಲಿ ನಿಷೇಧವಾಚಕವಾದ 'ಇನ್' ಅಲ್ಲದೆ, 'ಒಳಗೆ' ಎಂಬ ಅರ್ಥದ ಮತ್ತೊಂದು 'ಇನ್' ಉಂಟು. ಉರಿಯೊಳಗೆ ಸೇರಿಸು, ಹೊತ್ತಿಸು ಎಂಬ ಧಾತುವಿನಿಂದ ಬಂದ ಈ ಪದಕ್ಕೆ 'ಸುಲಭವಾಗಿ ಹೊತ್ತಿಕೊಳ್ಳತಕ್ಕದ್ದು' ಎಂದು ಅರ್ಥ. ಹದಿನೇಳನೆಯ ಶತಮಾನದಿಂದ ಈ ಅರ್ಥದಲ್ಲಿಯೇ ಅದು ನಡೆದುಬಂದಿತು. ಆದರೆ ಯಂತ್ರಯುಗದಲ್ಲಿ ಎಣ್ಣೆಯ ಪೀಪಾಯಿಗಳ ಮೇಲೆ ಅದನ್ನು ಬರೆದಾಗ, ಇದು ಉರಿಯದ ವಸ್ತು ಎಂದು ಜನರು ಭಾವಿಸಿ ಪ್ರಾಣಾಪಾಯಕ್ಕೆ ಗುರಿಯಾಗಬಹುದೆಂಬ ಶಂಕೆ ಹುಟ್ಟಿತು. 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ಪೂರ್ವಪ್ರತ್ಯಯವನ್ನು ತೆಗೆದು 'ಫ್ಲೇಮಬಲ್' ಎಂದೇ ಬರೆಯಬೇಕೆಂದು ಒತ್ತಾಯಪಡಿಸಿತು. ವ್ಯುತ್ಪತ್ತಿಯ ದೃಷ್ಟಿಯಿಂದ ತಪ್ಪೇನೂ ಇಲ್ಲದ ಪದವೊಂದು, ಓದುವವರ ತಪ್ಪು ಗ್ರಹಿಕೆಯ ಭಯದಿಂದಲೇ ಹಿಂದೆ ಸರಿಯಬೇಕಾಯಿತು.

ಇಂತಹುದು ಇಂಗ್ಲಿಷಿಗೆ ಮಾತ್ರ ಮೀಸಲಲ್ಲ. ಋಗ್ವೇದದಲ್ಲಿ ವರುಣಾದಿ ದೇವತೆಗಳಿಗೆ ಗೌರವವಾಚಕವಾಗಿದ್ದ 'ಅಸುರ' ಪದದ ಅಕಾರವು ನಿಷೇಧವಾಚಕವಾಗಿರಲಿಲ್ಲ. ಅದನ್ನು ನಞ್ ಎಂದು ಭ್ರಮಿಸಿ, ಉಳಿದ ಭಾಗದಿಂದ ದೇವತಾವಾಚಕವಾದ 'ಸುರ' ಪದವನ್ನು ಬಿಡಿಸಿಕೊಂಡರೆಂದು ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಡುವರು. 'ಫ್ಲೇಮಬಲ್' ಹುಟ್ಟಿಗೂ 'ಸುರ' ಹುಟ್ಟಿಗೂ ಕಾರಣ ಒಂದೇ ಜಾತಿಯದು. ಒಂದು ಕಡೆ ಭ್ರಮೆಯನ್ನು ತಪ್ಪಿಸಲೆಂದು, ಮತ್ತೊಂದು ಕಡೆ ಭ್ರಮೆಯಿಂದಲೇ, ಪದದ ತಲೆಯನ್ನು ಕತ್ತರಿಸಲಾಯಿತು.

ಕೆಲವು ಪ್ರತ್ಯಯಗಳಿಗೆ ಅರ್ಥವನ್ನು ಶಾಸನದಿಂದಲೇ ನಿಯಮಿಸಿದುದೂ ಉಂಟು. 1795ರ ಫ್ರೆಂಚ್ ಶಾಸನವು ಅಳತೆಯ ಮಾನಗಳನ್ನು ಗೊತ್ತುಪಡಿಸುವಾಗ ಗುಣಕಗಳಿಗೆ ಗ್ರೀಕ್ ಪದಗಳನ್ನೂ ಭಾಗಗಳಿಗೆ ಲ್ಯಾಟಿನ್ ಪದಗಳನ್ನೂ ಆರಿಸಿತು. 'ಕಿಲೋ', 'ಮಿಲಿ' ಎರಡರ ಮೂಲಕ್ಕೂ ಸಾವಿರವೆಂದೇ ಅರ್ಥ. ಆದರೂ ಒಂದು ಸಾವಿರ ಪಾಲು ಹೆಚ್ಚಿಸುವುದು, ಮತ್ತೊಂದು ಸಾವಿರದಲ್ಲೊಂದು ಪಾಲಿಗೆ ಇಳಿಸುವುದು. ಈ ಭೇದವು ಧಾತುವಿನಿಂದ ಬಂದುದಲ್ಲ, ಒಪ್ಪಂದದಿಂದ ಬಂದುದು. ಇಲ್ಲಿ ಗಾರ್ಗ್ಯನ ಪಕ್ಷವು ಸಂಪೂರ್ಣವಾಗಿ ಗೆದ್ದಂತೆ ಕಂಡರೂ ಜನವ್ಯವಹಾರವು ಇದನ್ನೂ ಬಿಟ್ಟಿಲ್ಲ. ಭಾರತದಲ್ಲಿ 1956ರ ಶಾಸನದಿಂದ ಮೆಟ್ರಿಕ್ ಮಾನಗಳು ನೆಲೆಗೊಂಡ ಮೇಲೆ ಕನ್ನಡಿಗರು ಗ್ರಾಮನ್ನು ಬಿಟ್ಟು 'ಎರಡು ಕಿಲೋ ಅಕ್ಕಿ' ಎನ್ನುವರು. ಸಾವಿರವೆಂಬ ಪೂರ್ವಪ್ರತ್ಯಯವು ತೂಕದ ಹೆಸರಾಗಿ, ಸ್ವತಂತ್ರವಾದ ನಾಮಪದವಾಗಿ ಕುಳಿತಿದೆ.

ಇದರಿಂದ ಫಲಿತವಾಗುವುದೇನೆಂದರೆ, ಪೂರ್ವಪ್ರತ್ಯಯವು ಹೊಸ ಪದಗಳನ್ನು ಹುಟ್ಟಿಸುತ್ತಿರುವವರೆಗೆ ಅದಕ್ಕೆ ಸ್ವಂತ ಅರ್ಥವಿರುವುದು. ಆ ಶಕ್ತಿಯು ಅಡಗಿದ ಮೇಲೆ ಅರ್ಥವು ಇಡಿಯ ಪದಕ್ಕೆ ಸೇರುವುದು. 'ರಿ', 'ಅನ್' ಇವುಗಳ ಅರ್ಥವನ್ನು ನಿಯಮದಿಂದ ಕಲಿಸಬಹುದು. 'ವಿತ್', 'ಗೇನ್' ಇವುಗಳನ್ನು ಪದಪದವಾಗಿಯೇ ಕಲಿಸಬೇಕು. ಪಾಠಪುಸ್ತಕಗಳ ಪಟ್ಟಿಗಳಲ್ಲಿ ಜೀವಂತವಾದುವೂ ಜೀವವಡಗಿದುವೂ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಅವುಗಳನ್ನು ಬೇರ್ಪಡಿಸಿ ತೋರಿಸುವ ಭಾರವು ಉಪಾಧ್ಯಾಯರ ಮೇಲೆ ಬೀಳುವುದು. ಪಟ್ಟಿಯು ಅರ್ಥವನ್ನು ಊಹಿಸಲು ನೆರವಾಗುವುದು. ಆ ಊಹೆಯು ಸರಿಯೇ ಎಂಬುದನ್ನು ಪ್ರಯೋಗದಿಂದಲೇ ನಿರ್ಣಯಿಸಬೇಕು.