ತೋಳ ಬಂತು ತೋಳ: ಒಂದು ರಕ್ತಪರೀಕ್ಷೆಯ ಕಥೆ

ಸಾಫ್ಟ್‌ವೇರ್ ಕೆಲಸದವರಿಗೆ 'ಫಾಲ್ಸ್ ಪಾಸಿಟಿವ್' ಅನ್ನೋ ಮಾತು ಹೊಸದಲ್ಲ. ನಾವೇ ಬರೆದ ಪ್ರೋಗ್ರಾಮನ್ನು ಆಂಟಿವೈರಸ್ಸು ವೈರಸ್ ಅಂತ ಹಿಡಿದು ಕೂರಿಸುತ್ತದೆ, ನಾವು ನಾಲ್ಕು ಬೈದು ಇಗ್ನೋರ್ ಒತ್ತಿ ಮುಂದೆ ಹೋಗುತ್ತೇವೆ. ವೈದ್ಯಕೀಯದಲ್ಲೂ ಇಂಥ ಒಂದು ಸುಳ್ಳು ಕೂಗು ಸುಮಾರು ಐವತ್ತು ವರ್ಷ ಕೇಳಿಸುತ್ತಲೇ ಇತ್ತು. ಆದರೆ ಅಲ್ಲಿ ಇಗ್ನೋರ್ ಬಟನ್ ಇರಲಿಲ್ಲ.

ರೋಗದ ಹೆಸರು ಸಿಫಿಲಿಸ್. ಪೋರ್ಚುಗೀಸರ ಜತೆ ನಮ್ಮ ಕಡೆಗೂ ಬಂದದ್ದು; ಆಯುರ್ವೇದದ 'ಭಾವಪ್ರಕಾಶ'ದಲ್ಲಿ ಅದಕ್ಕೆ ಫಿರಂಗ ರೋಗ ಅಂತಲೇ ಹೆಸರು. ಇದನ್ನು ತರುವ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು 1905ರಲ್ಲಿ ಬರ್ಲಿನ್‌ನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಮೊದಲು ಕಂಡರು. ಮರುವರ್ಷವೇ ಆಗಸ್ಟ್ ಫಾನ್ ವಾಸರ್‌ಮನ್, ನೈಸರ್ ಮತ್ತು ಬ್ರುಕ್ ಎಂಬವರ ಜತೆ ಸೇರಿ ಒಂದು ರಕ್ತಪರೀಕ್ಷೆ ಮಾಡಿದ. ಉಪಾಯ ಸರಳ: ರೋಗಾಣು ಹೊಕ್ಕ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿರುತ್ತದೆ, ರಕ್ತಕ್ಕೆ ರೋಗಾಣುವನ್ನು ತೋರಿಸಿದರೆ ಆ ಪ್ರತಿಕಾಯ ಹೋಗಿ ಹಿಡಿದುಕೊಳ್ಳಬೇಕು. ಈ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಬೆಳೆಯುತ್ತಿರಲಿಲ್ಲ. ಹಾಗಾಗಿ ಸಿಫಿಲಿಸ್‌ನಿಂದ ಸತ್ತ ಭ್ರೂಣದ ಪಿತ್ತಜನಕಾಂಗ ಅರೆದು ರಸ ತೆಗೆದರು, ಅದರ ತುಂಬಾ ಈ ಬ್ಯಾಕ್ಟೀರಿಯಾ ಇರುತ್ತದೆ ಅಂತ.

ಪರೀಕ್ಷೆ ಕೆಲಸ ಮಾಡಿತು. ಮಜಾ ಬಂದದ್ದು ಆಮೇಲೆ. ಒಂದೆರಡು ವರ್ಷದೊಳಗೆ ಲ್ಯಾಂಡ್‌ಸ್ಟೈನರ್ (ರಕ್ತದ ಗುಂಪು ಕಂಡುಹಿಡಿದವನೇ) ಮತ್ತು ಇತರರು, ರೋಗವೇ ಇಲ್ಲದ ಪ್ರಾಣಿಯ ಹೃದಯವನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ರಸವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತೋರಿಸಿದರು! ಅಂದರೆ ಪರೀಕ್ಷೆ ಹಿಡಿಯುತ್ತಿದ್ದದ್ದು ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯವನ್ನಲ್ಲ, ಪ್ರಾಣಿಗಳ ಮೈಯಲ್ಲೇ ಇರುವ ಯಾವುದೋ ಕೊಬ್ಬಿನ ಅಂಶಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು. ಆ ಕೊಬ್ಬನ್ನು 1941ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಮೇರಿ ಪ್ಯಾಂಗ್‌ಬಾರ್ನ್ ದನದ ಹೃದಯದಿಂದ ಬೇರ್ಪಡಿಸಿ 'ಕಾರ್ಡಿಯೋಲಿಪಿನ್' ಅಂತ ಹೆಸರಿಟ್ಟಳು.

ಪರೀಕ್ಷೆಯ ಬುಡವೇ ಬೇರೆ ಅಂತ ಗೊತ್ತಾದರೂ ಯಾರೂ ಅದನ್ನು ಕೈಬಿಡಲಿಲ್ಲ. ಓಡುತ್ತಿರೋ ಕೋಡನ್ನು ಯಾರು ಮುಟ್ಟುತ್ತಾರೆ ಹೇಳಿ? ಇನ್ನೊಂದು ಕಾರಣವೂ ಇದ್ದಿರಬೇಕು. ಮೈ ತನ್ನನ್ನೇ ವಿಷವೆಂದು ತಿಳಿದು ಹೊಡೆಯುವುದನ್ನು ತಡೆಯುವ ಏರ್ಪಾಡು ಮೈಯಲ್ಲೇ ಇದೆ ಅಂತ ಪಾಲ್ ಎರ್ಲಿಕ್ 1901ರ ಹೊತ್ತಿಗೇ ಹೇಳಿದ್ದ. ಅದನ್ನು ಬಹಳ ಜನ 'ಹಾಗಾಗುವುದು ಸಾಧ್ಯವೇ ಇಲ್ಲ' ಅಂತ ಓದಿಕೊಂಡರು. 1910ರಲ್ಲಿ ಸಿಫಿಲಿಸ್‌ಗೆ ಸಾಲ್ವರ್ಸಾನ್ ಎಂಬ ಆರ್ಸೆನಿಕ್ ಔಷಧಿ ಕೊಟ್ಟವನೂ ಇದೇ ಎರ್ಲಿಕ್.

ಈಗ ಆ ಕಾಲದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಕೀಲುನೋವು, ಆಗಾಗ ಜ್ವರ, ಎರಡು ಮೂರು ಸಲ ಗರ್ಭ ನಿಲ್ಲಲಿಲ್ಲ. ಡಾಕ್ಟರು ವಾಸರ್‌ಮನ್ ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಸಿಫಿಲಿಸ್‌ನಿಂದಲೂ ಗರ್ಭ ಹೋಗುತ್ತದೆ, ಹಾಗಾಗಿ ಎಲ್ಲಾ ತಾಳೆ ಬೀಳುತ್ತದೆ. ಅವಳು ಇಲ್ಲ ಅಂತ ಎಷ್ಟು ಆಣೆ ಇಟ್ಟರೂ ನಂಬುವವರು ಯಾರು? ವರ್ಷಗಟ್ಟಲೆ ಆರ್ಸೆನಿಕ್, ಬಿಸ್ಮತ್ ಚುಚ್ಚುಮದ್ದು, ಮನೆಯಲ್ಲಿ ಗಂಡನ ಅನುಮಾನ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1935ರಲ್ಲಿ ಮದುವೆಗೆ ಮುಂಚೆ ರಕ್ತಪರೀಕ್ಷೆ ಕಡ್ಡಾಯ ಮಾಡಿತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಮದುವೆ ನಿಲ್ಲಿಸುವ ಶಕ್ತಿಯೂ ಆ ಚೀಟಿಗೆ ಬಂತು.

ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರುವವರ ರಕ್ತವನ್ನೆಲ್ಲ ಪರೀಕ್ಷಿಸತೊಡಗಿದಾಗ ಗುಟ್ಟು ಬಯಲಾಗತೊಡಗಿತು. ಇಲ್ಲೊಂದು ಸಣ್ಣ ಲೆಕ್ಕ (ಅಂಕಿಗಳು ಉದಾಹರಣೆಗೆ ಮಾತ್ರ). ಒಂದು ಲಕ್ಷ ಜನರಲ್ಲಿ 100 ಜನಕ್ಕೆ ನಿಜವಾಗಿ ರೋಗ ಇದೆ, ಪರೀಕ್ಷೆ ಸಾವಿರಕ್ಕೊಮ್ಮೆ ಮಾತ್ರ ಸುಳ್ಳು ಹೇಳುತ್ತದೆ ಅಂದುಕೊಳ್ಳಿ. ಆಗಲೂ ಸುಮಾರು 100 ನಿರಪರಾಧಿಗಳು ಸಿಕ್ಕಿಬೀಳುತ್ತಾರೆ, ಪಾಸಿಟಿವ್ ಬಂದವರಲ್ಲಿ ಅರ್ಧ ಜನ! ರೋಗಿಗಳನ್ನಷ್ಟೇ ಪರೀಕ್ಷಿಸುತ್ತಿದ್ದಾಗ ಕಾಣದ ತಪ್ಪು ಎಲ್ಲರನ್ನೂ ಪರೀಕ್ಷಿಸಿದಾಗ ಕಣ್ಣಿಗೆ ಹೊಡೆಯುತ್ತದೆ.

ಆದರೆ ಯಾವುದು ಸುಳ್ಳು ಅಂತ ಹೇಗೆ ಹೇಳೋದು? ಅದಕ್ಕೆ 1949ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ನೆಲ್ಸನ್ ಮತ್ತು ಮೇಯರ್ ಹುಡುಕಿದ ದಾರಿ ನನಗೆ ತುಂಬಾ ಇಷ್ಟ. ಮೊಲದ ಮೈಯಲ್ಲಿ ಬೆಳೆಸಿದ ಜೀವಂತ ಬ್ಯಾಕ್ಟೀರಿಯಾಗಳನ್ನು ರೋಗಿಯ ರಕ್ತದ ಸೀರಂನಲ್ಲಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು. ನಿಜವಾದ ಸಿಫಿಲಿಸ್ ಆದರೆ ಸೀರಂನ ಪ್ರತಿಕಾಯಗಳು ಅವನ್ನು ನಿಶ್ಚಲ ಮಾಡುತ್ತವೆ. ಇಲ್ಲವಾದರೆ ಅವು ಆರಾಮಾಗಿ ತಿರುಚಿಕೊಂಡು ಓಡಾಡುತ್ತಲೇ ಇರುತ್ತವೆ. ಕೊನೆಗೂ ಪ್ರಶ್ನೆಯನ್ನು ರೋಗಾಣುವಿಗೇ ಕೇಳಿದಂತಾಯಿತು. ಕಷ್ಟದ, ದುಬಾರಿ ಪರೀಕ್ಷೆ. ಆದರೂ ಎಷ್ಟೋ ಜನರ ಮೇಲಿದ್ದ ಕಳಂಕ ಅದರಿಂದ ತೊಳೆದುಹೋಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಪ್‌ಕಿನ್ಸ್‌ನ ಜೋಸೆಫ್ ಅರ್ಲ್ ಮೂರ್ ಎಂಬ ಸಿಫಿಲಿಸ್ ತಜ್ಞ ಮಾತ್ರ ಈ 'ತಪ್ಪು'ಗಳನ್ನು ಕಸದಬುಟ್ಟಿಗೆ ಹಾಕಲಿಲ್ಲ. ಮಲೇರಿಯಾದಂಥ ಸೋಂಕು ಬಂದಾಗ, ಲಸಿಕೆ ಹಾಕಿಸಿಕೊಂಡಾಗ ಬರುವ ಸುಳ್ಳು ಪಾಸಿಟಿವ್ ಆರು ತಿಂಗಳೊಳಗೆ ಮಾಯವಾಗುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಮೂರ್ ಈ ಎರಡನೇ ಗುಂಪಿನ ಬೆನ್ನು ಹತ್ತಿದ. ಹೆಚ್ಚಿನವರು ಹೆಂಗಸರು. ಲುಟ್ಜ್ ಎಂಬವರ ಜತೆ 1955ರಲ್ಲಿ ಆತ ಬರೆದ ಪ್ರಬಂಧದ ಪ್ರಕಾರ ಇವರಲ್ಲಿ ಕೆಲವರಿಗೆ ಆಗಲೇ ಲೂಪಸ್ ಇತ್ತು, ಇನ್ನು ಕೆಲವರಿಗೆ ಆಮೇಲೆ ಬಂತು. ಲೂಪಸ್ ಅಂದರೆ ಮೈಯ ರೋಗನಿರೋಧಕ ವ್ಯವಸ್ಥೆ ಮೈಯನ್ನೇ ಕಡಿಯುವ ಕಾಯಿಲೆ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ತೋಳ ಅಂತ ಅರ್ಥ. ತೋಳ ಬಂತು ತೋಳ ಅಂತ ಪರೀಕ್ಷೆ ಕೂಗಿದಾಗಲೆಲ್ಲ ಜನ ನೋಡಿದ್ದು ಸಿಫಿಲಿಸ್‌ಗಾಗಿ. ಅದು ಕಾಣದಿದ್ದಾಗ ಕೂಗೇ ಸುಳ್ಳು ಅಂದರು. ನಿಜವಾದ ತೋಳ ಅಲ್ಲೇ ಪಕ್ಕದಲ್ಲಿತ್ತು.

(ಪಾಪ, ಲೂಪಸ್‌ಗೂ ಇದೇ ಹಣೆಬರಹ. ಚರ್ಮದ ಕ್ಷಯಕ್ಕೂ ಲೂಪಸ್ ಅಂತಲೇ ಹೆಸರಿದ್ದುದರಿಂದ ಇದನ್ನೂ ಕ್ಷಯದ ಬಳಗವೆಂದು ಬಹುಕಾಲ ಶಂಕಿಸಿದ್ದರು. 1948ರಲ್ಲಿ ಮೇಯೋ ಕ್ಲಿನಿಕ್‌ನ ಹಾರ್‌ಗ್ರೇವ್ಸ್, ಒಂದು ಬಿಳಿ ರಕ್ತಕಣ ಇನ್ನೊಂದರ ಕೋಶಕೇಂದ್ರವನ್ನು ನುಂಗಿ ಕೂತಿರುವುದನ್ನು ಕಂಡ ಮೇಲೆ ಇದಕ್ಕೆ ತನ್ನದೇ ಒಂದು ಪರೀಕ್ಷೆ ಬಂತು.)

1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್, ಲೂಪಸ್ ರೋಗಿಗಳ ರಕ್ತದಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವೊಂದನ್ನು ವರ್ಣಿಸಿದರು. ಆಮೇಲೆ ನೋಡಿದರೆ ಅದು ಇರುವವರಿಗೆ ರಕ್ತಸ್ರಾವಕ್ಕಿಂತ ಹೆಪ್ಪುಗಟ್ಟುವ ತೊಂದರೆಯೇ ಹೆಚ್ಚು! ಪರೀಕ್ಷಾನಾಳದಲ್ಲಿ ಹೆಪ್ಪುಗಟ್ಟಲು ಕೊಬ್ಬಿನ ಅಂಶ ಬೇಕು, ಪ್ರತಿಕಾಯ ಅದನ್ನೇ ಹಿಡಿದುಕೊಂಡು ಬಿಡುವುದರಿಂದ ಅಲ್ಲಿ ನಿಧಾನ. ಮೈಯೊಳಗಿನ ಕಥೆಯೇ ಬೇರೆ. 1983ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಗ್ರಹಾಂ ಹ್ಯೂಸ್ ಹೆಪ್ಪುಗಟ್ಟಿದ ರಕ್ತನಾಳ, ಪದೇ ಪದೇ ಗರ್ಭಪಾತ, ಮಿದುಳಿನ ತೊಂದರೆ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ. ಅದೇ ವರ್ಷ ಅವನ ತಂಡದ ನೈಜೆಲ್ ಹ್ಯಾರಿಸ್, ಅಜೀಜ್ ಘಾರವಿ ಮುಂತಾದವರು ಈ ಪ್ರತಿಕಾಯವನ್ನು ನೇರವಾಗಿ ಅಳೆಯುವ ಪರೀಕ್ಷೆ ಪ್ರಕಟಿಸಿದರು. ಅದಕ್ಕೆ ಬಳಸಿದ್ದು ಅದೇ ಪ್ಯಾಂಗ್‌ಬಾರ್ನ್‌ಳ ಕಾರ್ಡಿಯೋಲಿಪಿನ್. ಇವತ್ತು ಆ ಕಾಯಿಲೆಗೆ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಅಂತಾರೆ. ಗರ್ಭಿಣಿಗೆ ಆಸ್ಪಿರಿನ್, ಹೆಪಾರಿನ್ ಕೊಟ್ಟರೆ ಬಹಳಷ್ಟು ಮಕ್ಕಳು ಉಳಿಯುತ್ತವೆ. ಆರ್ಸೆನಿಕ್ ಚುಚ್ಚಿಸಿಕೊಂಡವರಿಗೆ ಬೇಕಿದ್ದದ್ದು ಇಂಥದ್ದೇನೋ.

ಆ ಹಳೇ ಪರೀಕ್ಷೆಯ ಮೊಮ್ಮಗ ವಿಡಿಆರ್‌ಎಲ್ ನಮ್ಮೂರ ಲ್ಯಾಬುಗಳಲ್ಲಿ ಈಗಲೂ ಇದೆ, ಗರ್ಭಿಣಿಯರ ರಕ್ತಪರೀಕ್ಷೆಯ ಪಟ್ಟಿಯಲ್ಲಿ ನೋಡಿರುತ್ತೀರಿ. ಅದು ಪಾಸಿಟಿವ್ ಬಂದರೆ ಬ್ಯಾಕ್ಟೀರಿಯಾವನ್ನೇ ಗುರಿ ಮಾಡುವ ಟಿಪಿಎಚ್‌ಎ ಥರದ ಎರಡನೇ ಪರೀಕ್ಷೆ ಮಾಡಿಸಬೇಕು. ಅದು ನೆಗೆಟಿವ್ ಆಗಿ, ಮೊದಲನೆಯದು ತಿಂಗಳುಗಟ್ಟಲೆ ಪಾಸಿಟಿವ್ ಆಗಿಯೇ ಉಳಿದರೆ ಡಾಕ್ಟರು ಕೇಳಬೇಕಾದ ಪ್ರಶ್ನೆಗಳೇ ಬೇರೆ: ಕೀಲುನೋವು ಇದೆಯಾ? ಕಾಲು ಊದಿಕೊಂಡಿತ್ತಾ? ಹಿಂದೆ ಗರ್ಭ ಹೋಗಿತ್ತಾ?