ಇಬ್ಬರು ಕುಡುಕರು ಕೂತು ಮಾತಾಡಿದ ಕಥೆ

📌 ಭಾಗ 1/5

ದೊಡ್ಡಆಲಹಳ್ಳಿಯಿಂದ ಈ ಸಲ ಬೆಟ್ಟ, ಕೆರೆ ಫೋಟೊ ಇಲ್ಲ. ಬರೀ ಒಂದು ಟೀ ಲೋಟ. ಯಾಕೆ ಅಂತ ನಾಲ್ಕನೇ ಭಾಗದಲ್ಲಿ ಹೇಳ್ತೀನಿ.

ನಮ್ಮ ಮನೇಲಿ ಒಬ್ಬರು ಕುಡೀತಿದ್ರು. ರಾಮನಗರ ಮಾರ್ಕೆಟ್‌ಗೆ ರೇಷ್ಮೆ ಗೂಡು ಹಾಕಿದ ದಿನ ಮನೆಗೆ ಎಷ್ಟು ದುಡ್ಡು ಬರುತ್ತೆ ಅನ್ನೋದು ಗೂಡಿನ ರೇಟಿನ ಮೇಲೆ ಇರ್ತಿರಲಿಲ್ಲ, ಅವರು ದಾರೀಲಿ ಎಲ್ಲಿ ಇಳಿದ್ರು ಅನ್ನೋದರ ಮೇಲೆ ಇರ್ತಿತ್ತು. ನನ್ನ ಎರಡನೇ ಸೆಮ್ ಫೀಸು ಹಾಗೇ ಹೋಯ್ತು. ಆಣೆ ಮಾಡಿಸಿದ್ವಿ, ಹರಕೆ ಹೊತ್ವಿ, ಮಾತು ಬಿಟ್ವಿ. ಯಾವುದೂ ಒಂದು ತಿಂಗಳು ದಾಟಲಿಲ್ಲ. ಕೊನೆಗೆ ಅವರು ಹೋಗಿದ್ದು ಕುಡಿತ ಬಿಟ್ಟವರೇ ನಡೆಸೋ ಮೀಟಿಂಗ್‌ಗೆ. ‘ಕೂತು ಮಾತಾಡಿದ್ರೆ ಕುಡಿತ ಬಿಡುತ್ತಾ?’ ಅಂತ ನಾನು ನಕ್ಕಿದ್ದೆ. ಆಮೇಲೆ ಅದರ ಇತಿಹಾಸ ಓದಿದೆ.

📌 ಭಾಗ 2/5

ಅಂಗಡಿ ಮುಚ್ಚಿದ್ರೆ ಸಾಕು ಅಂತ ನೀವೂ ಅಂದ್ಕೊಂಡಿರ್ತೀರಿ. ಮದ್ಯ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಅಂತ ಸಂವಿಧಾನದ 47ನೇ ವಿಧೀನೂ ಹೇಳುತ್ತೆ. 1981ರ ಜುಲೈನಲ್ಲಿ ಬೆಂಗಳೂರಲ್ಲಿ ವಿಷ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಪೂರ್ತಿ ಬಂದ್ ಆಗಿದ್ದು ಮಾತ್ರ 2007ರ ಜುಲೈ 1ರಿಂದ. ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಪಕ್ಕದ ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ.

ಪ್ಯಾಕೆಟ್ ಹೋಯ್ತು. ಆದ್ರೆ ರಮ್ಮು, ಬ್ರಾಂದಿ, ವಿಸ್ಕಿ ಉಳೀತು. ಬಿಕಾಂ ಓದೋರಿಗೆ ಇದು ಗೊತ್ತಿರೋ ಪಾಠ: ಬದಲಿ ಸರಕು. ಕಾನೂನು ಅಂಗಡಿ ಬಾಗಿಲು ಮುಚ್ಚಬಹುದು, ಒಳಗಿನ ಚಟದ ಬಾಗಿಲನ್ನ ಮುಚ್ಚೋಕಾಗಲ್ಲ.

📌 ಭಾಗ 3/5

ಈಗ ಸ್ವಲ್ಪ ದೂರ ಹೋಗೋಣ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆರು ಜನ ಕುಡುಕರು ಸೇರಿ, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಡೋಕೆ ಸಂಘ ಕಟ್ಟಿದರು. ವಾಷಿಂಗ್ಟೋನಿಯನ್ಸ್ ಅಂತ ಹೆಸರು. ಬೆಂಕಿ ಥರ ಹಬ್ಬಿತು. ಆದ್ರೆ ರಾಜಕೀಯ, ಮದ್ಯ ನಿಷೇಧದ ಜಗಳ ಎಲ್ಲಾ ಒಳಗೆ ಬಂತು. ಕೆಲವೇ ವರ್ಷದಲ್ಲಿ ಸಂಘ ಕರಗಿ ಹೋಯ್ತು.

1935ರ ಮೇ ತಿಂಗಳು. ಷೇರು ವ್ಯವಹಾರದ ಬಿಲ್ ವಿಲ್ಸನ್ ಓಹಾಯೋದ ಆಕ್ರನ್ ಊರಿಗೆ ಬಂದಿದ್ದ. ಡೀಲ್ ಕೈಕೊಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹೋಟೆಲಿನಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಅವನು ಫೋನ್ ಹಿಡಿದ: ‘ನನ್ನಂಥ ಇನ್ನೊಬ್ಬ ಕುಡುಕನ ಹತ್ರ ಮಾತಾಡಬೇಕು.’ ಹಾಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್. ಹದಿನೈದೇ ನಿಮಿಷ ಅಂತ ಬಂದ ಬಾಬ್, ಗಂಟೆಗಟ್ಟಲೆ ಎದ್ದು ಹೋಗಲಿಲ್ಲ. ಎದುರಿಗಿದ್ದವನು ಬುದ್ಧಿ ಹೇಳ್ತಿರಲಿಲ್ಲ, ತನ್ನ ಕಥೆ ಹೇಳ್ತಿದ್ದ. ಬಾಬ್ ಕೊನೇ ಸಲ ಕುಡಿದ ದಿನ ಅಂತ ಗುರುತಿಸೋ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎ, ಹುಟ್ಟಿದ ದಿನ ಅಂತಾರೆ.

📌 ಭಾಗ 4/5

ಎಎ ಆ ಹಳೇ ಸಂಘದ ದಾರಿ ಹಿಡಿಯಲಿಲ್ಲ. ರಾಜಕೀಯ ಇಲ್ಲ, ಹೊರಗಿನವರ ದೇಣಿಗೆ ಇಲ್ಲ, ಸದಸ್ಯತ್ವದ ಫೀಸೂ ಇಲ್ಲ. ಬೇಕಿರೋದು ಒಂದೇ: ಕುಡಿತ ಬಿಡೋ ಆಸೆ. ಪತ್ರಿಕೆ, ಸಿನಿಮಾ, ಎಲ್ಲೂ ಸದಸ್ಯರ ಹೆಸರು, ಮುಖ ಬರಬಾರದು. ಅದಕ್ಕೇ ಟೀ ಲೋಟದ ಫೋಟೊ. ನಮ್ಮ ಮನೇಲಿ ಯಾರು ಅಂತ ದಯವಿಟ್ಟು ಕೇಳಬೇಡಿ. ಅವರನ್ನ ಕೇಳಿಯೇ ಇಷ್ಟು ಬರೀತಿದ್ದೀನಿ.

ಭಾರತದಲ್ಲಿ ಎಎ 1957ರಲ್ಲಿ ಬೇರು ಬಿಟ್ಟಿತು. ನಮ್ಮ ಕರ್ನಾಟಕದ್ದೇ ಇನ್ನೊಂದು ದಾರಿ ಇದೆ. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಕೆಲಸ ಮಾಡೋ ಜನಜಾಗೃತಿ ವೇದಿಕೆ, ಊರೂರಲ್ಲಿ 8 ದಿನದ ಮದ್ಯವರ್ಜನ ಶಿಬಿರ ನಡೆಸುತ್ತೆ. ಶಿಬಿರ ಮುಗಿಸಿದವರು ಆಮೇಲೆ ನವಜೀವನ ಸಮಿತಿ ಕಟ್ಟಿಕೊಂಡು ಸೇರ್ತಾರೆ. ಎರಡರ ಗುಟ್ಟೂ ಒಂದೇ: ಬಿಡೋದು ಒಂದು ದಿನದ ಕೆಲಸ, ಬಿಟ್ಟಿರೋದು ದಿನದಿನದ ಕೆಲಸ. ಅದಕ್ಕೆ ಜೊತೆ ಬೇಕು.

📌 ಭಾಗ 5/5

ಮನೆಯವರೂ ಬರಬಹುದಾದ ಓಪನ್ ಮೀಟಿಂಗ್‌ಗೆ ನಾನೂ ಒಂದು ಸಲ ಹೋದೆ. ಪ್ಲಾಸ್ಟಿಕ್ ಕುರ್ಚಿ, ಟೀ, ಬಿಸ್ಕತ್ತು. ಬೇರೆಯವರು ಹೇಳಿದ್ದು ಅಲ್ಲೇ ಬಿಟ್ಟು ಬಂದಿದ್ದೀನಿ. ಎಎಯ ಹನ್ನೆರಡು ಹೆಜ್ಜೆಯಲ್ಲಿ ನಾಲ್ಕನೇದು, ತನ್ನೊಳಗಿನ ಸ್ಟಾಕನ್ನ ತಾನೇ ಲೆಕ್ಕ ಹಾಕೋದು. ನಮ್ಮವರು ಎದ್ದು ನಿಂತು, ‘ಮಗುವಿನ ಫೀಸು ಕುಡಿದೆ’ ಅಂದ್ರು. ಮನೇಲಿ ಎರಡು ವರ್ಷ ‘ಕಳೆದುಹೋಯ್ತು’ ಅಂತಿದ್ದವರು. ಆ ದುಡ್ಡು ವಾಪಸ್ ಬಂದಿಲ್ಲ. ಲೆಕ್ಕ ಮಾತ್ರ ಸರಿಹೋಯ್ತು.

ಇವತ್ತಿಗೆ 73 ದಿನ. ನಾಳೆ ಗೊತ್ತಿಲ್ಲ. ಅಲ್ಲಿ ನಾಳೆಯ ಮಾತು ಯಾರೂ ಆಡಲ್ಲ.

ನಿಮ್ಮ ಮನೇಲೂ ಇದ್ರೆ ನಾಚಿಕೆ ಪಡಬೇಡಿ. ಜಾಸ್ತಿ ಕುಡಿಯೋರು ದಿಢೀರ್ ಅಂತ ಬಿಟ್ರೆ ಫಿಟ್ಸ್ ಬರಬಹುದು, ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿಗೆ ಕಷ್ಟ ಆದ್ರೆ ಟೆಲಿ ಮಾನಸ್ 14416. ಎರಡೂ ಉಚಿತ. ಕುಡಿಯೋರ ಮನೆಯವರಿಗೇ ಅಂತ 1951ರಿಂದ ಅಲ್-ಅನಾನ್ ಗುಂಪುಗಳೂ ಇವೆ.

ಕಾಮೆಂಟ್‌ನಲ್ಲಿ ಯಾರ ಹೆಸರೂ ಹಾಕಬೇಡಿ. ಸುಮ್ಮನೆ ಸೇವ್ ಮಾಡ್ಕೊಳ್ಳಿ. ಒಬ್ಬರಿಗೆ ಬೇಕಾಗಬಹುದು. ☕

#ದೊಡ್ಡಆಲಹಳ್ಳಿ #ಕನಕಪುರ #ನಮ್ಮಇತಿಹಾಸ #ಇವತ್ತೊಂದುದಿನ