ಸೆರೆಸಿಕ್ಕವರ ಬೆಲೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿದ್ದ ಟಿಎಸ್‌ಆರ್ ಕಂಪನಿ 1979–80ರಲ್ಲಿ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಎಂಬ ತೆಳ್ಳನೆಯ ಪುಸ್ತಿಕೆಯನ್ನು ಹೊರತಂದಿತು. ಬರೆದವರು ಗ್ಯಾರಿ ಗೈಗ್ಯಾಕ್ಸ್. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದು ಪಾತ್ರವಾಗಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟವನ್ನು ಹೊಸದಾಗಿ ಕಲಿಯುವವರಿಗೆಂದೇ ಬರೆದದ್ದು ಅದು. ಗಡಿಯಲ್ಲೊಂದು ಕೋಟೆ, ಅದರಾಚೆ ಕಾಡು, ಕಾಡಿನ ನಡುವೆ ಒಂದು ಕಣಿವೆ. ಕಣಿವೆಯ ಗುಹೆಗಳಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗಾಗದ ರಾಕ್ಷಸ ಬುಡಕಟ್ಟುಗಳು. ಆಟ ನಡೆಸುವವರಿಗೆ ಕೊಟ್ಟ ಸೂಚನೆಗಳಲ್ಲಿ ಒಂದು ಪುಟ್ಟ ಪ್ಯಾರಾ ಸೆರೆಯಾಳುಗಳ ಬಗ್ಗೆ ಇದೆ. ಆಟಗಾರರ ಪಾತ್ರಗಳು ಸೋತರೆ ಬುಡಕಟ್ಟಿನವರು ಅವರನ್ನು ಕೊಲ್ಲದೆ ಸೆರೆಹಿಡಿಯಬಹುದು. ಒಬ್ಬನನ್ನು ಬಿಟ್ಟು ಕೋಟೆಯಿಂದ ಒತ್ತೆಹಣ ತರಲು ಕಳಿಸಬಹುದು. ತಲೆಗೆ 10ರಿಂದ 100 ಚಿನ್ನದ ನಾಣ್ಯ, ಇಲ್ಲವೇ ಅವರಿಗೆ ಉಪಯೋಗಕ್ಕೆ ಬರುವ ಒಂದು ಮಾಯಾವಸ್ತು ಸಾಕು. ಹಣ ಬಂದರೆ ಎಲ್ಲರನ್ನೂ ಬಿಟ್ಟುಬಿಡಬೇಕು. ನಿಜವಾದ ಜಾಣ್ಮೆ ಇರುವುದು ಇದರ ಮುಂದಿನ ಮಾತಿನಲ್ಲಿ. ಈ ಗೆಲುವಿನಿಂದ ಆ ಬುಡಕಟ್ಟಿನ ಹೆಸರು ಸುತ್ತಮುತ್ತ ಹಬ್ಬಿತೆಂದು ಭಾವಿಸಿ, ಆಟಗಾರರಿಗೆ ಹೇಳದೆಯೇ, ಅವರ ಸಂಖ್ಯೆಗೆ 2ರಿಂದ 12 ಮಂದಿಯನ್ನು ಸೇರಿಸಬೇಕು. ಸೇಡು ತೀರಿಸಿಕೊಳ್ಳಲು ಬಂದಾರೆಂದು ಅವರು 1ರಿಂದ 4 ವಾರ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಕಾವಲು ಆಮೇಲೆ ಸಡಿಲವಾಗುತ್ತದೆ. ಹೆಚ್ಚಿದ ಸಂಖ್ಯೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಆಟದ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ಬಗೆಯೇ ಬೇರೆ. 1970ರ ದಶಕದ ಆಟ ಕಠೋರವಾಗಿತ್ತು, ದಾಳ ಕೈಕೊಟ್ಟರೆ ಪಾತ್ರ ಸತ್ತಂತೆಯೇ, ಆಟಗಾರ ಹೊಸ ಹಾಳೆ ತೆಗೆದುಕೊಂಡು ಮತ್ತೊಬ್ಬ ವೀರನನ್ನು ಬರೆಯಬೇಕಿತ್ತು. ಸೋಲನ್ನು ಕಥೆಯೊಳಗೆ ಸೇರಿಸಿಕೊಳ್ಳುವುದು, ಖಳನೊಡನೆ ಕೂತು ಮಾತಾಡುವುದು, ಇವೆಲ್ಲ ಇತ್ತೀಚಿನ ತಲೆಮಾರಿನ ಮೃದುತನ ಎನ್ನುತ್ತಾರೆ. ಈ ಹೇಳಿಕೆಯಲ್ಲಿ ಅರ್ಧ ನಿಜವಿದೆ. 1974ರ ಮೂಲ ನಿಯಮದಂತೆ ಪ್ರಾಣಾಂಕ ಸೊನ್ನೆಗೆ ಇಳಿದರೆ ಪಾತ್ರ ಸತ್ತಂತೆಯೇ. ಆದರೆ ಉಳಿದರ್ಧ ತಪ್ಪು. ಶತ್ರುವಿನೊಡನೆ ಚೌಕಾಸಿ ಮಾಡುವುದು, ಸೋತ ಮೇಲೂ ಆಟ ಮುಂದುವರಿಯುವುದು, ಇವೆರಡೂ ಆಟದ ಬೇರಿನಲ್ಲೇ ಇದ್ದವು. ನಡುವೆ ಕೆಲವು ಸ್ಪಷ್ಟ ಕಾರಣಗಳಿಂದ ಮರೆಯಾದವು. ಇಂದು ಹೊಸದೆಂದು ಕಾಣುವುದು ಬಹುಪಾಲು ಹಳೆಯದರ ಮರುಗಳಿಕೆ.

ಬೇರನ್ನು ಹುಡುಕಲು ಮಿನ್ನೆಸೋಟಾದ ಅವಳಿನಗರಗಳಿಗೆ ಹೋಗಬೇಕು. ಅಲ್ಲಿ ಸೈನಿಕರ ಪುಟ್ಟ ಬೊಂಬೆಗಳನ್ನಿಟ್ಟು ಯುದ್ಧದಾಟ ಆಡುತ್ತಿದ್ದ ಗುಂಪಿನಲ್ಲಿ ಡೇವಿಡ್ ವೆಸ್ಲಿ ಎಂಬಾತ 1969ರ ಸುಮಾರಿಗೆ 'ಬ್ರೌನ್‌ಸ್ಟೈನ್' ಎಂಬ ಹೊಸ ಬಗೆಯ ಆಟ ನಡೆಸಿದರು. ನೆಪೋಲಿಯನ್ ಕಾಲದ ಒಂದು ಕಲ್ಪಿತ ಜರ್ಮನ್ ಊರು; ಎರಡು ಸೈನ್ಯಗಳು ಅದರತ್ತ ಬರುತ್ತಿವೆ. ಸೇನಾಪತಿಗಳಲ್ಲದೆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಮುಖ್ಯಸ್ಥ ಮುಂತಾದ ಪಾತ್ರಗಳನ್ನೂ ಆಟಗಾರರಿಗೆ ಹಂಚಿದ್ದರು. ಒಬ್ಬೊಬ್ಬರಿಗೂ ಅವರದೇ ಗುಟ್ಟಿನ ಗುರಿ. ಯುದ್ಧ ಶುರುವಾಗುವ ಮೊದಲೇ ಆಟಗಾರರು ಮೂಲೆಮೂಲೆಯಲ್ಲಿ ನಿಂತು ಒಳಸಂಚು, ಬೆದರಿಕೆ, ಒಪ್ಪಂದಗಳಲ್ಲಿ ಮುಳುಗಿಹೋದರು. ಆಟ ಕೈತಪ್ಪಿತೆಂದು ವೆಸ್ಲಿ ಭಾವಿಸಿದರು; ಆಡಿದವರು ಇನ್ನೊಮ್ಮೆ ಬೇಕೆಂದು ಹಟ ಹಿಡಿದರು. ಕತ್ತಿಗಿಂತ ಮೊದಲು ಈ ಆಟಕ್ಕೆ ಬಂದದ್ದು ಮಾತು, ಅದರಲ್ಲೂ ಎದುರಾಳಿಯೊಡನೆ ಆಡುವ ಮಾತು.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ 1971ರಲ್ಲಿ 'ಬ್ಲ್ಯಾಕ್‌ಮೂರ್' ಎಂಬ ತಮ್ಮ ಮಾಯಾಲೋಕವನ್ನು ಕಟ್ಟಿದರು. ಅಲ್ಲಿ ಖಳರ ಪಕ್ಷವನ್ನೂ ಆಟಗಾರರೇ ಆಡುತ್ತಿದ್ದರು. ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಗಿ ಬದಲಾಗಿ 'ಸರ್ ಫ್ಯಾಂಗ್' ಎಂಬ ಹೆಸರಿನಲ್ಲಿ ಉಳಿದವರನ್ನು ಕಾಡತೊಡಗಿತು. ಅದನ್ನು ಎದುರಿಸಲು ಹುಟ್ಟಿದ್ದು ಪುರೋಹಿತ ವೀರನ ಪಾತ್ರವರ್ಗ. ಇಂದಿಗೂ ಈ ಆಟದಲ್ಲಿ ಗಾಯ ಮಾಯಿಸುವವನು, ಸತ್ತವರನ್ನು ಎಬ್ಬಿಸುವವನು ಮುಖ್ಯವಾಗಿ ಅವನೇ. ಇದಕ್ಕಿಂತ ದೊಡ್ಡ ಸಾಕ್ಷ್ಯ ಇನ್ನೊಂದಿದೆ. ಆರ್ನೆಸನ್ 1977ರಲ್ಲಿ ಪ್ರಕಟಿಸಿದ 'ದಿ ಫಸ್ಟ್ ಫ್ಯಾಂಟಸಿ ಕ್ಯಾಂಪೇನ್' ಪುಸ್ತಕದಿಂದ ತಿಳಿಯುವಂತೆ, ಕೋಟೆಯ ಕೆಳಗಿನ ಸುರಂಗಗಳಲ್ಲಿ ನಿಧಿ ಹುಡುಕುವ ಹುಚ್ಚಿನಲ್ಲಿ ವೀರರು ಊರ ಕಾವಲನ್ನೇ ಮರೆತರು. ಬ್ಲ್ಯಾಕ್‌ಮೂರ್ ಶತ್ರುಗಳ ಪಾಲಾಯಿತು. ಪಾತ್ರಗಳು ಸಾಯಲಿಲ್ಲ, ಆಟವೂ ನಿಲ್ಲಲಿಲ್ಲ. ವೀರರನ್ನು ಲಾಕ್ ಗ್ಲೂಮೆನ್ ಎಂಬ ದೂರದ ಸರೋವರ ಪ್ರದೇಶಕ್ಕೆ ಗಡಿಪಾರು ಮಾಡಲಾಯಿತು. ಮುಂದಿನ ಆಟ ಅಲ್ಲಿಂದ ನಡೆಯಿತು. ಇಡೀ ಗುಂಪಿನ ಸೋಲನ್ನು ಹೊಸ ಅಧ್ಯಾಯದ ಮೊದಲ ಪುಟವಾಗಿಸುವ ಕೌಶಲ, ನಿಯಮಗಳು ಅಚ್ಚಾಗುವ ಮೊದಲೇ, ಮೊದಲ ತಲೆಮಾರಿನ ಕೈಯಲ್ಲಿತ್ತು.

1974ರ ಜನವರಿಯಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಹೆಸರಿನಲ್ಲಿ ಮೂರು ಪುಸ್ತಿಕೆಗಳ ಪೆಟ್ಟಿಗೆ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಅದನ್ನು ಹೋರಾಟದ ನಿಯಮಪುಸ್ತಕವೆಂದುಕೊಂಡು ತೆರೆದವರಿಗೆ ಅಚ್ಚರಿ ಕಾದಿದೆ. ಕಾಡಿನ ಕೋಟೆಯ ಒಡೆಯ ಎದುರಾದರೆ ಅವನು ದಾರಿಹೋಕರನ್ನು ಕೊಲ್ಲಲು ಬರುವುದಿಲ್ಲ, ಕುದುರೆ ಏರಿ ಈಟಿಯ ದ್ವಂದ್ವಕ್ಕೆ ಕರೆಯುತ್ತಾನೆ. ಸೋತವನು ತನ್ನ ಕವಚವನ್ನು ಅವನಿಗೊಪ್ಪಿಸಿ ನಡೆಯಬೇಕು. ಗೆದ್ದರೆ ಒಡೆಯನೇ ಇಡೀ ತಂಡಕ್ಕೆ ಒಂದು ತಿಂಗಳವರೆಗೆ ಆತಿಥ್ಯ ಕೊಡುತ್ತಾನೆ. ಕೋಟೆಯಲ್ಲಿರುವವನು ಮಾಂತ್ರಿಕನಾದರೆ ಮಂತ್ರದಿಂದ ಕಟ್ಟಿಹಾಕಿ ತನಗಾಗಿ ನಿಧಿ ತರಲು ಅಟ್ಟುತ್ತಾನೆ. ಪುರೋಹಿತನಾದರೆ ಹಣದಲ್ಲಿ ಹತ್ತನೆಯ ಒಂದು ಪಾಲು ಕೇಳುತ್ತಾನೆ. ಡ್ರ್ಯಾಗನ್ನನ್ನು ಕೊಲ್ಲದೆ ಮಣಿಸಿ ಮಾರುವುದಕ್ಕೂ ದರ ನಿಗದಿಯಾಗಿದೆ. ಪಾತ್ರವೊಂದು ನಾಪತ್ತೆಯಾದರೆ ಆಸ್ತಿ ಯಾರಿಗೆ ಎಂಬ ಪ್ರಶ್ನೆಯನ್ನೂ ಆ ಪುಸ್ತಿಕೆ ಬಿಟ್ಟಿಲ್ಲ: ಮೊದಲೇ ಹೆಸರಿಸಿದ ಬಂಧುವಿಗೆ ಶೇ. 10 ತೆರಿಗೆ ಕಳೆದು ಆಸ್ತಿ ಸಿಗುತ್ತದೆ. ಸತ್ತನೆಂದು ತಿಳಿದವನು ಮುಂದೆ ತಿರುಗಿ ಬಂದು ಆಸ್ತಿ ಕೇಳಿದರೆ ಮತ್ತೊಮ್ಮೆ ತೆರಿಗೆ; ಅನುಭವಿಸಿ ರುಚಿ ಕಂಡ ಬಂಧುವಿನ ನಿಷ್ಠೆಯೂ ಅಷ್ಟಕ್ಕಷ್ಟೇ. ಇಷ್ಟನ್ನೂ ಬರೆದವರ ಮನಸ್ಸಿನಲ್ಲಿ ಸೋಲು ಮತ್ತು ಸಾವು ಒಂದೇ ಆಗಿದ್ದವೆಂದು ನಂಬುವುದು ಕಷ್ಟ.

ಮಾತುಕತೆಗೂ ಆ ಪುಸ್ತಿಕೆಗಳಲ್ಲೇ ಒಂದು ಕೋಷ್ಟಕವಿತ್ತು. ಟಾಮ್ ಮೋಲ್ಡ್‌ವೇ 1981ರಲ್ಲಿ ಪರಿಷ್ಕರಿಸಿದ ಆರಂಭಿಕರ ಪುಸ್ತಕದಲ್ಲಿ ಅದರ ಸ್ಪಷ್ಟ ರೂಪ ಸಿಗುತ್ತದೆ. ರಾಕ್ಷಸರು ಎದುರಾದಾಗ ಅವರ ಮನಸ್ಸು ಏನೆಂದು ಆಟ ನಡೆಸುವವರಿಗೂ ಗೊತ್ತಿಲ್ಲದಿದ್ದರೆ ಎರಡು ದಾಳ ಉರುಳಿಸಬೇಕು. 2 ಬಿದ್ದರೆ ತಕ್ಷಣ ದಾಳಿ. 3ರಿಂದ 5, ಹಗೆತನ; ದಾಳಿ ಮಾಡಿಯಾರು. 6ರಿಂದ 8, ಏನೂ ತೋಚದ ಸ್ಥಿತಿ. 9ರಿಂದ 11, ಅವರು ಹೊರಟುಹೋಗುತ್ತಾರೆ ಇಲ್ಲವೇ ನೀವೇನು ಕೊಡುತ್ತೀರೆಂದು ಕೇಳುತ್ತಾರೆ. 12, ಸಂತೋಷದ ಗೆಳೆತನ. ಎರಡು ದಾಳಗಳು ಬೀಳುವ 36 ಬಗೆಗಳಲ್ಲಿ ತಕ್ಷಣದ ದಾಳಿಗೆ ಸಿಗುವುದು ಒಂದೇ ಒಂದು. ತೋಚದ ಸ್ಥಿತಿಗೆ 16. ಲೆಕ್ಕ ಹಾಕಿ ನೋಡಿದರೆ ಇದು ಮಾತಿಗೆ ಬಾಗಿಲು ತೆರೆದಿಟ್ಟ ವ್ಯವಸ್ಥೆ. ಆಟಗಾರರಿಗೆ ಆ ಬಾಗಿಲು ದಾಟಲು ಆಮಿಷವೂ ಇತ್ತು. ಪಾತ್ರವನ್ನು ಮೇಲಿನ ಹಂತಕ್ಕೇರಿಸುವ ಅನುಭವಾಂಕಗಳಲ್ಲಿ ಆಗ ಹೆಚ್ಚಿನವು ತಂದ ಚಿನ್ನದಿಂದ ಬರುತ್ತಿದ್ದವು, ಒಂದು ನಾಣ್ಯಕ್ಕೆ ಒಂದು ಅಂಕ. ಸಣ್ಣಪುಟ್ಟ ರಾಕ್ಷಸನನ್ನು ಕೊಂದರೆ ಸಿಗುವುದು ಕೆಲವೇ ಅಂಕ. ಹೊಡೆದಾಡಿದರೆ ನಷ್ಟ, ಮಾತಾಡಿ ನಿಧಿ ಪಡೆದರೆ ಲಾಭ. ಒತ್ತೆಹಣದ ನಿಯಮದ ತೂಕ ತಿಳಿಯುವುದೂ ಇಲ್ಲೇ: ಸೆರೆಯಿಂದ ಬಿಡಿಸಿಕೊಳ್ಳಲು ತೆರುವ ನಾಣ್ಯ, ಪಾತ್ರ ಮೇಲೇರಲು ಕೂಡಿಡುವ ಅದೇ ನಾಣ್ಯ.

ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಎಲ್ಲರೂ ಹಾಗೆ ಆಡಿದರೆಂದು ಹೇಗೆ ಹೇಳುವುದು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಹಳ ಮೇಜುಗಳಲ್ಲಿ ಹಾಗೆ ಆಡಲಿಲ್ಲ, ಮತ್ತು ಅದಕ್ಕೆ ಮುಖ್ಯ ಕಾರಣ ಪಂದ್ಯಾವಳಿ ಎಂದು ನನ್ನ ವಾದ. 1975ರಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ ಮೊದಲ 'ಒರಿಜಿನ್ಸ್' ಸಮ್ಮೇಳನದಲ್ಲಿ ಗೈಗ್ಯಾಕ್ಸ್ ಅವರ 'ಟೂಮ್ ಆಫ್ ಹಾರರ್ಸ್' ಸಾಹಸವನ್ನು ಪಂದ್ಯವಾಗಿ ಆಡಿಸಿದರು. ಹಲವು ತಂಡಗಳು, ಕೆಲವೇ ಗಂಟೆ, ಎಲ್ಲರಿಗೂ ಮೊದಲೇ ಸಿದ್ಧಪಡಿಸಿದ ಪಾತ್ರಗಳು. ತಂಡಗಳನ್ನು ಹೋಲಿಸಿ ಅಂಕ ಕೊಡಬೇಕಾದರೆ ಎಲ್ಲರಿಗೂ ಒಂದೇ ಬಗೆಯ ಅಡ್ಡಿಗಳಿರಬೇಕು. ಗುಂಡಿಗೆ ಬಿದ್ದವರ ಲೆಕ್ಕ ಸುಲಭ, ಖಳನೊಡನೆ ಅರ್ಧ ಗಂಟೆ ಮಾತಾಡಿ ರಾಜಿಯಾದವರ ಲೆಕ್ಕ ಸುಲಭವಲ್ಲ. ಅಲ್ಲಿ ಪಾತ್ರ ಸತ್ತರೂ ಯಾರಿಗೂ ನೋವಿಲ್ಲ, ಅದು ಸಂಜೆಯವರೆಗಿನ ಪಾತ್ರ. ಇಂಥ ಪಂದ್ಯದ ಸಾಹಸಗಳನ್ನೇ ಟಿಎಸ್‌ಆರ್ 1978ರಿಂದ ಪುಸ್ತಿಕೆಗಳಾಗಿ ಮಾರತೊಡಗಿತು. ವರ್ಷಗಟ್ಟಲೆ ಒಂದೇ ಪಾತ್ರವನ್ನು ಸಾಕಿ ಬೆಳೆಸಿದ ಮನೆಮೇಜುಗಳಿಗೆ ಪಂದ್ಯದ ಸಾವು ಬಂದು ಕುಳಿತದ್ದು ಹೀಗೆ. ಆಟದ ಕಠೋರತೆಯ ಕೀರ್ತಿಯಲ್ಲಿ ದೊಡ್ಡ ಪಾಲು ಈ ಪುಸ್ತಿಕೆಗಳದು.

ಸೆರೆಯ ಬಗ್ಗೆ ಆಟಗಾರರಲ್ಲಿ ಬೇರೂರಿದ ಅಸಮಾಧಾನಕ್ಕೂ ಪಂದ್ಯದ ಸಂಬಂಧವಿದೆ. ಪಾತ್ರ ಸತ್ತರೆ ಸಹಿಸುತ್ತೇವೆ, ಕೈಗೆ ಕೋಳ ಹಾಕಿದರೆ ಸಹಿಸುವುದಿಲ್ಲ ಎಂಬ ಮಾತು ಆಟ ನಡೆಸುವವರೆಲ್ಲರ ಕಿವಿಗೂ ಬಿದ್ದಿರುತ್ತದೆ. 1980ರ ಜೆನ್‌ಕಾನ್ ಸಮ್ಮೇಳನದ ಪಂದ್ಯದಿಂದ ಹುಟ್ಟಿದ 'ಸ್ಲೇವ್ ಲಾರ್ಡ್ಸ್' ಸರಣಿಯ ಮೂರನೆಯ ಪುಸ್ತಿಕೆಯ ಕೊನೆಯಲ್ಲಿ ವೀರರು ಸೆರೆಸಿಕ್ಕಲೇಬೇಕು; 1981ರ ನಾಲ್ಕನೆಯದು ಶುರುವಾಗುವುದು ಅವರು ಆಯುಧ, ಕವಚ ಎಲ್ಲ ಕಳೆದುಕೊಂಡು, ತುಂಡುಬಟ್ಟೆಯಲ್ಲಿ, ಕತ್ತಲ ಗುಹೆಯಲ್ಲಿ ಕಣ್ಣು ಬಿಡುವಾಗ. ನಾಲ್ಕನೆಯ ಪುಸ್ತಿಕೆ ಸೊಗಸಾದದ್ದು. ಬರಿಗೈಯಲ್ಲಿ ಬುದ್ಧಿಯನ್ನೇ ನಂಬಿ ಬದುಕುವ ಆಟ. ಅಲ್ಲಿಗೆ ತಲುಪಿಸುವ ಮೂರನೆಯದರ ಕೊನೆ ಮಾತ್ರ ಆಟವೇ ಅಲ್ಲ, ಏಕೆಂದರೆ ಎಷ್ಟು ಚೆನ್ನಾಗಿ ಆಡಿದರೂ ಸೋಲು ಮೊದಲೇ ಬರೆದಿಟ್ಟದ್ದು. ಗೈಗ್ಯಾಕ್ಸ್ ಅವರ ಗಡಿಕೋಟೆಯಲ್ಲಿ ಸೆರೆ ಎಂಬುದು ಹೋರಾಡಿ ಸೋತ ಮೇಲೆ ಬರುವಂಥದು, ಅದಕ್ಕೊಂದು ಬೆಲೆಯಿದೆ, ಬೆಲೆ ತೆತ್ತರೆ ಬಿಡುಗಡೆಯಿದೆ. ಆಟಗಾರರು ದ್ವೇಷಿಸುವುದು ಸೆರೆಯನ್ನಲ್ಲ. ತಾವು ಏನು ಮಾಡಿದರೂ ವ್ಯತ್ಯಾಸವಾಗದ ಸ್ಥಿತಿಯನ್ನು.

ಅದೇ ತಪ್ಪು ಇನ್ನೊಂದು ದಿಕ್ಕಿನಿಂದಲೂ ಬಂತು. 1984ರಲ್ಲಿ ಟ್ರೇಸಿ ಹಿಕ್‌ಮನ್ ಬರೆದ 'ಡ್ರ್ಯಾಗನ್‌ಲ್ಯಾನ್ಸ್' ಸರಣಿಯ ಮೊದಲ ಪುಸ್ತಿಕೆಯಲ್ಲಿ, ಕಥೆಗೆ ಬೇಕಾದ ಪಾತ್ರ ಸತ್ತರೆ ಶವ ಸಿಗದಂತೆ ಮಾಡಿ, ಮುಂದೆ ಆತ ಹೇಗೋ ಬದುಕಿ ಬಂದನೆಂದು ತೋರಿಸುವ ಸಲಹೆಯಿದೆ. ಕಾದಂಬರಿಗಳ ಜೊತೆಜೊತೆಗೇ ಬಂದ ಸರಣಿಯಾದ್ದರಿಂದ ವೀರರು ಉಳಿಯಲೇಬೇಕಿತ್ತು. 'ಸ್ಲೇವ್ ಲಾರ್ಡ್ಸ್'ನಲ್ಲಿ ಸೋಲು ಕಡ್ಡಾಯ, ಇಲ್ಲಿ ಸೋಲು ನಿಷಿದ್ಧ. ಎರಡರಲ್ಲೂ ಖಳನೊಡನೆ ಮಾತಾಡಿ ಏನನ್ನೂ ಬದಲಿಸಲಾಗದು. ಆಮೇಲಿನ ಆವೃತ್ತಿಗಳಲ್ಲಿ ಚೌಕಾಸಿಯ ನೆಲ ಇನ್ನಷ್ಟು ಕುಸಿಯಿತು. 1989ರ ಎರಡನೆಯ ಆವೃತ್ತಿಯಲ್ಲಿ ಚಿನ್ನಕ್ಕೆ ಅನುಭವಾಂಕ ಕೊಡುವುದು ಐಚ್ಛಿಕವಾಯಿತು. ಟಿಎಸ್‌ಆರ್ ಅನ್ನು ಕೊಂಡ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2000ದಲ್ಲಿ ತಂದ ಮೂರನೆಯ ಆವೃತ್ತಿಯಲ್ಲಿ ಹೋರಾಟದ ನಡುವೆ ಶತ್ರುಗಳು ಎದೆಗುಂದಿ ಓಡುವ ಇಲ್ಲವೇ ಶರಣಾಗುವ ನಿಯಮ ಇಲ್ಲವಾಯಿತು, ಮಾತುಕತೆ ಒಂದು ಕೌಶಲದ ಅಂಕಿಯಾಯಿತು. 2014ರ ಐದನೆಯ ಆವೃತ್ತಿ ನೆಲಕ್ಕುರುಳಿದವನಿಗೆ ದಾಳದ ಮೂರು ಯಶಸ್ಸು, ಮೂರು ವೈಫಲ್ಯಗಳ ನಡುವೆ ಬದುಕುವ ಅವಕಾಶ ಕೊಟ್ಟಿತು. ಸಾವು ದೂರವಾಯಿತು, ನಿಜ. ಆದರೆ ಅಲ್ಲಿ ಬಿದ್ದವನು ದಾಳದೊಡನೆ ಹೋರಾಡುತ್ತಾನೆಯೇ ಹೊರತು ತನ್ನನ್ನು ಬೀಳಿಸಿದವನೊಡನೆ ಮಾತಾಡುವುದಿಲ್ಲ.

ಸಾವಿನ ಭಯವಿಲ್ಲದಿದ್ದರೆ ಆಟದಲ್ಲಿ ಬಿಸಿ ಎಲ್ಲಿಂದ ಬರುತ್ತದೆ, ದುಷ್ಟನಾದ ಖಳ ಸೋತವರನ್ನು ಏಕೆ ಉಳಿಸಿಯಾನು ಎಂಬ ಆಕ್ಷೇಪ ಹಳೆಯದು, ಗಟ್ಟಿಯಾದದ್ದು ಕೂಡ. ಮೊದಲ ಭಾಗಕ್ಕೆ ಉತ್ತರ ಆ 2ರಿಂದ 12 ಮಂದಿಯಲ್ಲಿದೆ. ಸತ್ತ ಪಾತ್ರದ ಜೊತೆ ಸೋಲೂ ಮುಗಿದುಹೋಗುತ್ತದೆ. ಒತ್ತೆಹಣ ಕೊಟ್ಟು ಬಂದವರು ಮಾತ್ರ ತಮ್ಮ ಸೋಲಿನಿಂದ ಬಲಿತ ಶತ್ರುವನ್ನು ಮತ್ತೆ ಎದುರಿಸಬೇಕಾಗುತ್ತದೆ. ಎರಡನೆಯ ಭಾಗಕ್ಕೆ ನಮ್ಮ ತಾಳಮದ್ದಳೆಯ 'ಕೃಷ್ಣ ಸಂಧಾನ'ವನ್ನು ನೆನೆಯಬಹುದು. ಸಂಧಾನ ಮುರಿಯುವುದು ಕೂತವರಿಗೆಲ್ಲ ಗೊತ್ತು, ಆದರೂ ಕೌರವ ಏನು ಬಯಸುತ್ತಾನೆ, ಎಲ್ಲಿ ಮಣಿಯುವುದಿಲ್ಲ ಎಂಬುದನ್ನು ಅರ್ಥಧಾರಿಗಳು ಗಂಟೆಗಟ್ಟಲೆ ಬಿಡಿಸಿಡುತ್ತಾರೆ. ಅವನು ದೊಡ್ಡ ಎದುರಾಳಿಯಾಗುವುದು ಆ ಮಾತಿನಲ್ಲೇ. ಬಯಕೆ ಇಲ್ಲದ ಖಳ ಬರೀ ಪ್ರಾಣಾಂಕಗಳ ಮೂಟೆ. ಬಯಕೆ ಇರುವವನಿಗೆ ಹೆಣಕ್ಕಿಂತ ಋಣಿ ಹೆಚ್ಚು ಉಪಯೋಗ. ಗಡಿಕೋಟೆಯ ಪುಸ್ತಿಕೆಯಲ್ಲೇ ಕಾಸಿಗೆ ಕೈಯೊಡ್ಡಿ ನೆರೆಯವರ ಪರ ಹೊಡೆದಾಡುವ ಓಗರ್ ಎಂಬ ದೈತ್ಯನಿದ್ದಾನೆ. ಸಂಕೋಲೆಯಲ್ಲಿ ಬಿದ್ದ, ನೋಟದಿಂದಲೇ ಕಲ್ಲಾಗಿಸುವ ಮೆಡೂಸಾ ಇದ್ದಾಳೆ, ಕಲ್ಲಾದವರನ್ನು ಮತ್ತೆ ಮನುಷ್ಯರಾಗಿಸುವ ರಸ ತನ್ನಲ್ಲಿದೆ, ಬಿಡಿಸಿದರೆ ಕೊಡುತ್ತೇನೆ ಎನ್ನುತ್ತಾಳೆ. ಆಕೆಯನ್ನು ನಂಬಬಹುದೇ ಎಂದು ಆಟಗಾರರು ತಮ್ಮತಮ್ಮಲ್ಲೇ ಜಗಳವಾಡುವ ಹೊತ್ತು ಯಾವ ಕತ್ತಿಕಾಳಗಕ್ಕೂ ಕಡಿಮೆಯದಲ್ಲ.

2012ರಲ್ಲಿ ಸೇಜ್ ಲಾಟೋರಾ ಮತ್ತು ಆಡಮ್ ಕೋಬೆಲ್ ಅವರ 'ಡಂಜನ್ ವರ್ಲ್ಡ್' ಬಂದಾಗ ಅದರ ಒಂದು ನಿಯಮ ಬಹಳ ಜನರ ಮೆಚ್ಚುಗೆ ಗಳಿಸಿತು. ಪಾತ್ರ ಕೊನೆಯುಸಿರೆಳೆಯುವಾಗ ಎರಡು ದಾಳ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಬದುಕಿದ, 6 ಅಥವಾ ಕಡಿಮೆ ಬಿದ್ದರೆ ಮುಗಿಯಿತು. 7ರಿಂದ 9 ಬಿದ್ದರೆ ಮೃತ್ಯುವೇ ಎದುರು ನಿಂತು ಒಂದು ಷರತ್ತು ಒಡ್ಡುತ್ತದೆ. ಒಪ್ಪಿದರೆ ಜೀವ, ಇಲ್ಲದಿದ್ದರೆ ಇಲ್ಲ. ಹೊಸ ಹೊಳಹೆಂದು ಹೊಗಳಿಸಿಕೊಂಡ ಈ ನಿಯಮದಲ್ಲಿ ಇರುವುದು 1974ರ ಅದೇ ಎರಡು ದಾಳ, ಅದೇ ಚೌಕಾಸಿ. ಆಟ ನಡೆಸುವವರು ತಮ್ಮ ಖಳನ ಆಯುಧಗಳ ಪಟ್ಟಿ ಬರೆಯುವ ಮೊದಲು, ಸೋತವರಿಂದ ಅವನು ಏನು ಕೇಳುತ್ತಾನೆ, ಎಷ್ಟಕ್ಕೆ ಬಿಡುತ್ತಾನೆ, ಬಿಟ್ಟ ಮೇಲೆ ಅವನ ಬಲ ಎಷ್ಟು ಹೆಚ್ಚುತ್ತದೆ ಎಂಬ ಮೂರು ಸಾಲು ಬರೆದಿಟ್ಟುಕೊಳ್ಳಲಿ. ಮಾದರಿ ಬೇಕಿದ್ದವರಿಗೆ ಗಡಿಕೋಟೆಯ ಮೂಲ ಪುಸ್ತಿಕೆ ಇಂದಿಗೂ ಸಿಗುತ್ತದೆ. ಗುಡ್‌ಮನ್ ಗೇಮ್ಸ್ 2018ರಲ್ಲಿ ಅದನ್ನು ಐದನೆಯ ಆವೃತ್ತಿಯ ರೂಪದೊಂದಿಗೆ ಮರುಮುದ್ರಿಸಿದೆ.